ಕಿವಿ ಕೇಳದವರ ಮೌನಕ್ಕೆ ಸಮ್ಮತಿಯ ಮುದ್ರೆ

ಸಾಮೂಹಿಕ ದಾವೆಯ ರಾಜಿಯನ್ನು ‘ನ್ಯಾಯಸಮ್ಮತ’ವೆಂದು ಒಪ್ಪಿದ ಮಾನ್ಯ ನ್ಯಾಯಾಧೀಶರೇ,

ನಿಮ್ಮ ಆದೇಶದಲ್ಲಿ ಒಂದು ಸಾಲಿದೆ: ‘ಹಾಜರಿದ್ದ ಸದಸ್ಯರಲ್ಲಿ ಯಾರೂ ಆಕ್ಷೇಪ ಎತ್ತಲಿಲ್ಲ, ಅವರ ಮೌನವನ್ನು ಸಮ್ಮತಿಯೆಂದು ಪರಿಗಣಿಸಲಾಗಿದೆ.’ ಆ ಮೌನಿಗಳಲ್ಲಿ ಒಬ್ಬರು ನನ್ನ ಅಪ್ಪ. ಅವರು ಒಪ್ಪಿ ಸುಮ್ಮನಿದ್ದದ್ದಲ್ಲ, ನಿಮ್ಮ ಪ್ರಶ್ನೆ ಅವರ ಕಿವಿಗೆ ಬೀಳಲೇ ಇಲ್ಲ. ಕಿವಿ ಹೋಯಿತೆಂದು ದಾವೆ ಹೂಡಿದವರನ್ನೇ ಸಾಲಾಗಿ ಕೂರಿಸಿ, ಮೆಲುದನಿಯಲ್ಲಿ ‘ಆಕ್ಷೇಪವಿದೆಯೇ’ ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಬರೆದುಕೊಂಡ ನ್ಯಾಯಾಲಯ ಇನ್ನೊಂದು ಇದ್ದೀತೇ?

ನಾನು ಫಸ್ಟ್ ಇಯರ್ ವಿಜ್ಞಾನದ ವಿದ್ಯಾರ್ಥಿನಿ. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲೇ ಓದಿದವಳು, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಇರುತ್ತದೆ. ‘ಲೇ, ಜಡ್ಜ್‌ಗೆ ಹೀಗೆಲ್ಲ ಬರೆದ್ರೆ ಒಳಗೆ ಹಾಕಲ್ವೇನೇ?’ ಎಂದಳು ರೂಮ್‌ಮೇಟ್. ಗೊತ್ತಿಲ್ಲ. ಟೆನ್ಷನ್ ಅಂತೂ ಇದೆ. ಆದರೂ ಬರೆಯುತ್ತಿದ್ದೇನೆ.

ಅಪ್ಪ ತಗಡು ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ಅಲ್ಲಿನ ಸದ್ದು ತಡೆಯಲು ಎಲ್ಲರಿಗೂ ಒಂದೇ ಕಂಪನಿಯ ಇಯರ್‌ಪ್ಲಗ್. ಅವು ಕಿವಿಯೊಳಗೆ ತಾವಾಗಿಯೇ ಸಡಿಲವಾಗುತ್ತವೆ ಎಂಬುದು ಕಂಪನಿಗೆ ಮೊದಲೇ ಗೊತ್ತಿತ್ತೆಂದು ನಿಮ್ಮ ಕೋರ್ಟಿನಲ್ಲೇ ಬಯಲಾಯಿತು. ಅಪ್ಪನ ಕಿವಿ ಹೋಗುತ್ತಿರುವುದರ ಸುಳಿವು ನನಗೆ ಸಿಕ್ಕಿದ್ದು ಹಾಸ್ಟೆಲ್ ಫೋನಿನಲ್ಲಿ. ಭಾನುವಾರ ಫೋನ್ ಮಾಡಿ ‘ಅಪ್ಪಾ, ನನಗೆ ಜ್ವರ’ ಎಂದರೆ ‘ಭೇಷ್ ಮಗಳೇ, ಹಾಗೇ ಓದು’ ಎನ್ನುತ್ತಿದ್ದರು. ಗೆಳತಿಯರಿಗೆ ಹೇಳಿ ನಕ್ಕೆ. ಆಮೇಲೆ ಅವರು ಫೋನ್ ಹಿಡಿಯುವುದನ್ನೇ ಬಿಟ್ಟರು, ‘ಅಮ್ಮನ ಹತ್ರ ಮಾತಾಡು’ ಎಂದು ದಾಟಿಸಿಬಿಡುತ್ತಿದ್ದರು. ನನ್ನ ಮೇಲೆ ಕೋಪವೇನೋ ಅಂದುಕೊಂಡಿದ್ದೆ.

ಸಾವಿರಾರು ಕಾರ್ಮಿಕರ ಪರವಾಗಿ ಕೆಲವರು ದಾವೆ ಹೂಡಿದರು. ಕೊನೆಗೆ ರಾಜಿಯಾಯಿತು. ಏನು ರಾಜಿ? ಪ್ರತಿಯೊಬ್ಬರಿಗೂ ಅದೇ ಕಂಪನಿಯ ಹೊಸ ಮಾದರಿಯ ಇಯರ್‌ಪ್ಲಗ್ ಉಚಿತ, ಒಂದು ತಪಾಸಣಾ ಶಿಬಿರ, ವಕೀಲರಿಗೆ ಕೈತುಂಬ ಫೀಸು. ಬದಲಿಗೆ ಕಂಪನಿಯ ವಿರುದ್ಧ ಇನ್ನೆಂದೂ ಯಾರೂ ಬಾಯಿ ತೆರೆಯುವಂತಿಲ್ಲ. ಕಿವಿ ಕಳೆದುಕೊಂಡವರಿಗೆ ಕಿವಿ ಮುಚ್ಚುವ ಸಾಧನ! ಇದನ್ನು ಓದುವಾಗ ನಿಮಗೆ ನಗು ಬರಲಿಲ್ಲವೇ?

ಕೋರ್ಟಿನ ನೋಟಿಸಿನಲ್ಲಿ ‘ಆಕ್ಷೇಪವಿದ್ದವರು ಖುದ್ದಾಗಿ ಬಂದು ಹೇಳಬಹುದು’ ಎಂದಿತ್ತು. ಅಪ್ಪ ಅದನ್ನು ನಂಬಿದರು. ಕನ್ನಡಿ ಮುಂದೆ ನಿಂತು ಪ್ರ್ಯಾಕ್ಟೀಸ್ ಮಾಡಿದರು: ‘ಸ್ವಾಮಿ, ಈ ರಾಜಿ ನನಗೆ ಬೇಡ. ನನ್ನ ಕೇಸು ನಾನೇ ನಡೆಸ್ತೀನಿ.’ ತಮ್ಮ ದನಿ ತಮಗೇ ಕೇಳದೆ ಕೂಗುತ್ತಿದ್ದರು. ಅಮ್ಮ ಅವರ ಎದುರಿಗೆ ಬಂದು ನಿಂತು, ‘ರೀ, ಕೋರ್ಟು ಇಲ್ಲಿಂದಲೇ ಕೇಳಿಸ್ಕೊಳ್ತು, ಇನ್ನು ಹೋಗೋದೇ ಬೇಡ ಬಿಡಿ’ ಎಂದರು. ಅಮ್ಮನ ತುಟಿ ನೋಡಿ ಅಪ್ಪ ನಕ್ಕರು. ಹೌದು, ತುಟಿ ಕಂಡರೆ ಅವರಿಗೆ ಮಾತು ಅರ್ಥವಾಗುತ್ತದೆ.

ಆದರೆ ನೀವು ತಲೆ ಎತ್ತಲಿಲ್ಲ, ಮಾನ್ಯರೇ. ಕಡತ ನೋಡುತ್ತಲೇ ಕೇಳಿದಿರಿ. ಮುಂದಿನ ಬೆಂಚುಗಳಲ್ಲಿ ಅಪ್ಪನೂ ಇಸ್ತ್ರಿ ಶರ್ಟು ತೊಟ್ಟ ಅವರ ಕಾರ್ಖಾನೆಯವರೆಲ್ಲರೂ ಮರ್ಯಾದೆಯಿಂದ ನಿಮ್ಮನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದೆ. ಜವಾನರು ಓಡಿ ಬಂದರು. ‘ನೀವು ಕೇಸಲ್ಲಿ ಇದ್ದೀರೇನಮ್ಮಾ?’ ‘ಇಲ್ಲ, ಮಗಳು. ಅಪ್ಪನಿಗೆ ಕೇಳಿಸ್ತಿಲ್ಲ.’ ‘ಹಾಗಾದ್ರೆ ಸುಮ್ನೆ ಕೂತ್ಕೊಳ್ಳಿ.’ ಅಷ್ಟರಲ್ಲಿ ನೀವು ಸಹಿ ಹಾಕಿ ಎದ್ದಿರಿ. ನಿಮ್ಮ ಜೊತೆ ಎಲ್ಲರೂ ಎದ್ದರು. ತಮ್ಮ ಸರದಿ ಬಂತೆಂದುಕೊಂಡು ಅಪ್ಪ ತಲೆಬಾಗಿ ಕೈ ಮುಗಿದು, ‘ಸ್ವಾಮಿ, ಈ ರಾಜಿ ನನಗೆ ಬೇಡ’ ಎಂದು ಗಟ್ಟಿಯಾಗಿ ಶುರುಮಾಡಿದರು. ನೀವು ಬಾಗಿಲು ದಾಟಿದ್ದಿರಿ. ಅವರು ಮಾತಾಡಿದ್ದು ನಿಮ್ಮ ಖಾಲಿ ಕುರ್ಚಿಗೆ. ನಮ್ಮದೇ ವಕೀಲರು ಅವರ ಬೆನ್ನು ತಟ್ಟಿ, ‘ಒಳ್ಳೇದಾಯ್ತು ಯಜಮಾನ್ರೇ, ಎಲ್ಲ ಮುಗೀತು’ ಎಂದರು. ಅಪ್ಪ ನನ್ನ ಕಡೆ ತಿರುಗಿ, ‘ಏನಂತೆ? ನಾನಿನ್ನೂ ಪೂರ್ತಿ ಹೇಳೇ ಇಲ್ವಲ್ಲ’ ಎಂದರು.

ಕಂಪನಿ ಮೋಸ ಮಾಡಿತೆಂದು ನನಗೆ ಆಶ್ಚರ್ಯವಿಲ್ಲ, ಅದು ನಮ್ಮವರಲ್ಲ. ವಕೀಲರ ಮೇಲೂ ಈಗ ಆಸೆ ಉಳಿದಿಲ್ಲ. ಸಾಮಾನ್ಯ ಕೇಸಿನಲ್ಲಿ ಎರಡು ಕಡೆಯವರು ಜಗಳವಾಡುತ್ತಾರೆ, ನೀವು ಮಧ್ಯೆ ಇರುತ್ತೀರಿ. ರಾಜಿಯ ದಿನ ಆ ಇಬ್ಬರೂ ಕೈಕುಲುಕಿ ನಿಂತಿರುತ್ತಾರೆ. ಆಗ ಅಪ್ಪನಂಥವರ ಕಡೆ ಉಳಿಯುವವರು ಯಾರು? ನೀವೊಬ್ಬರೇ. ಅದಕ್ಕೇ ಅಲ್ಲವೇ ಇಂಥ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಬೇಕೆಂದು ಕಾನೂನು ಹೇಳುವುದು? ಆ ನಂಬಿಕೆಯಲ್ಲೇ ಅಪ್ಪ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ನನಗೆ ನುಂಗಲಾಗದೇ ಇರುವುದು ಅದೊಂದೇ.

ಆದೇಶವನ್ನು ಹಿಂಪಡೆಯಿರಿ. ವಿಚಾರಣೆಯನ್ನು ಮತ್ತೆ ಕರೆಯಿರಿ. ಈ ಸಲ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಮುಂದೆ ಹಿಡಿಯಿರಿ, ಓದಿ ಉತ್ತರ ಕೊಡುವವರೆಗೆ ಕುರ್ಚಿಯಲ್ಲಿ ಕೂತಿರಿ. ಅವರ ಮಾತು ಕೇಳಿದ ಮೇಲೆ ಬೇಕಾದರೆ ತಳ್ಳಿಹಾಕಿ, ಸೋತೆವು ಅಂದುಕೊಳ್ಳುತ್ತೇವೆ. ಆದರೆ ಅವರ ಮೌನವನ್ನು ಒಪ್ಪಿಗೆ ಎಂದು ಬರೆಯಬೇಡಿ. ಅದು ಒಪ್ಪಿಗೆಯಲ್ಲ ಮಾನ್ಯರೇ, ಅವರು ನಿಮಗೆ ತೋರಿಸಲು ತಂದಿದ್ದ ಗಾಯ.

ಇಂತಿ,
ಸಮ್ಮತಿಸಿದರೆಂದು ದಾಖಲಾದವರ ಮಗಳು,
ಕೇಸಿನಲ್ಲಿ ಇಲ್ಲದವಳು