ಮೊದಲ ಕತ್ತರಿ

ಗುಳೇದಗುಡ್ಡ
೧೧ ಏಪ್ರಿಲ್ ೧೯೦೭, ಗುರುವಾರ

ಪ್ರೀತಿಯ ಅಣ್ಣಾ,

ಸೊಲ್ಲಾಪುರದ ಗಿರಣಿ ಧೂಳಿನಿಂದ ಹತ್ತಿದ ಕೆಮ್ಮು ಈಗ ಹೇಗಿದೆ? ಮೆಣಸು, ಬೆಲ್ಲ ಕುದಿಸಿ ಕುಡಿ. ಒಬ್ಬನೇ ಇದ್ದೇನೆಂದು ತಂಗಳ ರೊಟ್ಟಿಯಲ್ಲಿ ದಿನ ದೂಡಬೇಡ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ಮಿಶನ್ನಿನ ಉಪದೇಶಿಯವರ ಹೆಂಡತಿ ಚಂದವ್ವ ಕಲಿಸಿದ್ದು ನೆಟ್ಟಗೇ ಇತ್ತು, ನನ್ನ ಕೈಗೆ ಬಂದು ಸೊಟ್ಟಗಾಯಿತು. ಮನೆಯವರು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದಾರೆ. ಪಾದ್ರಿಯವರ ದವಾಖಾನೆಯ ಎಣ್ಣೆಯಿಂದ ಅತ್ತೆಯ ಮೊಣಕಾಲು ಮೆತ್ತಗಾಗಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಗಟ್ಟಿ.

ನಿನ್ನ ಸೋದರಸೊಸೆ, ನನ್ನ ಬಾಳವ್ವನಿಗೆ ಎರಡು ತುಂಬಿತು. ಮನೆಯ ಪದ್ಧತಿ ನಿನಗೆ ಗೊತ್ತು: ಶಿರೂರ ಬೀರಪ್ಪನ ಮುಂದೆ ಸೋದರಮಾವ ಮೊದಲ ಕತ್ತರಿ ಹಾಕುವವರೆಗೆ ಮಗುವಿನ ತಲೆಗೆ ಕಬ್ಬಿಣ ತಾಗಬಾರದು. ನೀನು ಬರುವುದು ಮೂರು ಸಲ ತಪ್ಪಿತು, ಕೂದಲು ಬೆಳೆಯುವುದು ತಪ್ಪಲಿಲ್ಲ. ಈಗದು ಜಡೆಗಟ್ಟಿ, ಅಡಿಯಲ್ಲಿ ಹುಣ್ಣಾಗಿ ಕೀವು ತುಂಬಿದೆ; ಮಗು ಗೋಡೆಗೆ ತಲೆ ತಿಕ್ಕಿ ಅಳುತ್ತಾಳೆ. ಕೂದಲು ತೆಗೆಯದೆ ಮುಲಾಮು ಹಚ್ಚಲಾಗದು ಎಂದರು ದವಾಖಾನೆಯಲ್ಲಿ. ಅತ್ತೆಗೆ ಹೇಳಿದೆ. “ಅದು ಬೀರಪ್ಪನ ಕೂದಲ, ನಿಮ್ಮಪ್ಪಂದಲ್ಲ! ಒಂದನ್ನ ನುಂಗಿದ್ದು ಸಾಲಲಿಲ್ಲೇನ ನಿನಗ?” ಎಂದರು.

ಆ ಒಂದನ್ನು ನೀನೂ ಮರೆತಿಲ್ಲ. ಮೊದಲ ಮಗನ ಕಣ್ಣಿಗೆ ಬೀಳುತ್ತಿದ್ದ ಕುಚ್ಚನ್ನು ನೀನು ಹಿಡಿದೆ, ನಾನು ಕತ್ತರಿಸಿದೆ. ಇಪ್ಪತ್ತನೆಯ ದಿನಕ್ಕೆ ಪ್ಲೇಗು ಅವನನ್ನು ಒಯ್ದಿತು. ನೀನು ಹಿಡಿದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ನೀನು ಗಿರಣಿಗೆಂದು ಹೋದವನು ನಾಲ್ಕು ವರ್ಷವಾದರೂ ತಿರುಗಿ ಬರಲಿಲ್ಲ. ಮಗ ಹೋದ ವಾರವೇ ನಮ್ಮ ಓಣಿಯಲ್ಲಿ, ಕೂದಲಿಗೆ ಯಾರೂ ಕೈಹಚ್ಚದ ಮಕ್ಕಳೂ ಹೋದವು. ಅದು ಯಾರ ನೆನಪಿಗೂ ಬರಲಿಲ್ಲ, ನನಗೂ. ಅಂಜಿಕೆಗೆ ಗಂಜಿ ಕುಡಿಸಿ ಸಾಕಿದೆ; ಅದು ನನ್ನನ್ನೇ ತಿಂದು ಬಲಿಯಿತು. ಅತ್ತೆಯದೂ ಸಿಟ್ಟಲ್ಲ, ಅಂಜಿಕೆಯೇ. ಮಗು ಸೀನಿದರೆ ಸಾಕು, ಬೀರಪ್ಪನ ಅರಿಶಿನದ ಭಂಡಾರ ಹಿಡಿದು ಆ ಮೊಣಕಾಲಲ್ಲೇ ಓಡಿಬರುತ್ತಾರೆ.

ಇಪ್ಪತ್ತೊಂದನೆಯ ತಾರೀಖು, ರವಿವಾರ, ನನಗೂ ಮಗುವಿಗೂ ದೀಕ್ಷಾಸ್ನಾನ. ಆಮೇಲೆ ಬಾವಿಗೆ ಬಿಡುವುದಿಲ್ಲ ಎಂದು ಓಣಿಯವರು ಹೇಳಿ ಹೋಗಿದ್ದಾರೆ. “ನೀ ಮುಂದ ನಡಿ, ನಾ ಹಿಂದಿಂದ ಬರ್ತೇನಿ” ಎಂದರು ಮನೆಯವರು. ಹೊಳೆ ದಾಟುವಾಗ ಅವರ ಕುರಿಗಳೂ ಹೀಗೇ ಒಂದರ ಮುಖ ಒಂದು ನೋಡುತ್ತವೆ. ಯೇಸುಸ್ವಾಮಿಯ ಮಾತು ಕೇಳುವಾಗ ಎದೆಯ ಮೇಲಿನ ಕಲ್ಲು ಸರಿದಂತಾಗುತ್ತದೆ, ಮನೆಗೆ ಬಂದರೆ ಅದು ಮತ್ತೆ ಬಂದು ಕೂರುತ್ತದೆ. ಅಂಜಿಕೆ ಹೋದ ಮೇಲೆ ಸ್ನಾನ ತೆಗೆದುಕೊಳ್ಳುತ್ತೇನೆ ಎಂದೆ. ಚಂದವ್ವ ನಕ್ಕಳು: “ಅಂಜಿಕಿ ಬಿಟ್ಟು ಬಾ ಅಂದಿಲ್ಲವ್ವಾ ಆತ, ಅಂಜಿಕೊಂತನ ಬಾ ಅಂದಾನ. ಒಂದೊಂದು ಕೂದಲಾ ಬಲ್ಲಾಂವ, ಕೂದಲಿಗಿ ಸಿಟ್ಟಾಗಿ ಕೂಸಿನ್ನ ಒಯ್ತಾನೇನ?”

ಹೊತ್ತಿಗೆ ಸರಿಯಾಗಿ ಉಣ್ಣು. ಕೆಳಗಿನ ಮಸಿಯ ಕಲೆ ಬಾಳವ್ವನ ಬೆರಳು. ಮಾವನಿಗೆ ಅವಳ ನಮಸ್ಕಾರವೆಂದು ತಿಳಿ.

ನಿನ್ನ ತಂಗಿ,
ಸಾವಂತ್ರವ್ವ

ತಾ.ಕ. (೧೨ ಏಪ್ರಿಲ್, ಶುಕ್ರವಾರ): ಕತ್ತರಿ ನಾನೇ ಹಾಕಿದೆ ಅಣ್ಣಾ. ನಿನ್ನೆ ಈ ಕಾಗದ ಬರೆದಿಟ್ಟ ಮೇಲೆ, ಮಧ್ಯಾಹ್ನ ಅತ್ತೆ ಹಿತ್ತಲಲ್ಲಿದ್ದಾಗ, ಕುರಿಯ ಉಣ್ಣೆ ತೆಗೆಯುವ ಕತ್ತರಿಯಿಂದ. ಅತ್ತೆ ಬಂದು ನೋಡಿದರು, ಬೈಯಲೇ ಇಲ್ಲ. ಅದಕ್ಕೇ ಹೆಚ್ಚು ಹೆದರಿದೆ. ಆಗಿನಿಂದ ಮಗುವಿನ ಆ ಕಡೆ ಅವರು, ಈ ಕಡೆ ನಾನು, ಇಬ್ಬರೂ ಅದರ ಉಸಿರು ನೋಡುತ್ತ ಕೂತಿದ್ದೇವೆ. ಇಪ್ಪತ್ತರಲ್ಲಿ ಒಂದು ದಿನ ಕಳೆಯಿತು. ಮುಲಾಮು ಹಚ್ಚಿದ ಮೇಲೆ ತಲೆ ತುರಿಸದೆ ಮಲಗಿದವಳು ಈಗಷ್ಟೇ ಎದ್ದು ರೊಟ್ಟಿಗಾಗಿ ಅಳುತ್ತಿದ್ದಾಳೆ. ತರಲು ಅತ್ತೆಯೇ ಎದ್ದರು. ಇನ್ನು ಕತ್ತರಿಗೆ ನೀನು ಬೇಡ. ದೀಕ್ಷಾಸ್ನಾನದ ರವಿವಾರ ಮಗುವನ್ನು ಎತ್ತಿಕೊಂಡು ನಿಲ್ಲಲು ಮಾವ ಬೇಕು. ಆ ಕುಚ್ಚು ಹಿಡಿದ ಕೈಯಲ್ಲೇ ಎತ್ತಿಕೋ. ಅಂಜಿಕೊಂತನ ಬಾ.