ಚೈತ್ರದಲ್ಲಿ ಹುಡುಕಿದ ಶ್ರಾವಣದ ಹೂವು

ಗಿಡ ನೆಡುವ ಯೋಜನೆಯ ಮಾನ್ಯ ಅಧಿಕಾರಿಗಳೇ,

ಮೋರಟಗಿಯ ಗಾಯರಾಣದಲ್ಲಿ, ಅಂದರೆ ನಮ್ಮೂರ ದನಕುರಿ ಮೇಯುವ ಗುಡ್ಡದಲ್ಲಿ, ‘ಅರ್ಜಿದಾರರು ತಿಳಿಸಿದ ಹೂವು ಕಂಡುಬಂದಿಲ್ಲ, ಸದರಿ ಜಾಗ ಬಂಜರು’ ಎಂದು ಬರೆದು ತಾವು ಸಹಿ ಹಾಕಿದ್ದೀರಿ. ಬರುವ ಸೋಮವಾರ ಜೆಸಿಬಿ ಬಂದು ಅಲ್ಲಿ ಸಸಿಗಳಿಗೆ ಗುಂಡಿ ತೋಡಲಿದೆಯಂತೆ. ತೋಡಿದರೆ ಆ ಹೂವಿನ ಗಡ್ಡೆಗಳೂ ಮಣ್ಣಿನ ಜೊತೆ ಹೋಗುತ್ತವೆ. ಅದಕ್ಕೇ ಈ ಪತ್ರ.

ತಮ್ಮ ಸಿಬ್ಬಂದಿ ಹೂವು ಹುಡುಕಲು ಬಂದದ್ದು ಮಾರ್ಚ್ ಕೊನೆಗೆ, ಮಟಮಟ ಮಧ್ಯಾಹ್ನ. ಅದು ಅರಳುವುದು ಶ್ರಾವಣದಲ್ಲಿ, ಹದಿನೈದೋ ಇಪ್ಪತ್ತೋ ದಿನ. ಬೇಸಿಗೆಯಲ್ಲಿ ಬಳ್ಳಿಯೂ ಒಣಗಿ, ನೆಲದೊಳಗೆ ಗಡ್ಡೆ ಮಾತ್ರ ಉಳಿದಿರುತ್ತದೆ. ಅರ್ಜಿಯಲ್ಲಿ ಇದನ್ನು ಎರಡು ಸಲ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಯಾರಾದರೂ ಓದಿದರೇ? ಅಥವಾ ಮಾರ್ಚ್ ಮುಗಿಯುವುದರೊಳಗೆ ಕಡತ ಮುಗಿಯಬೇಕೆಂದು ಹೂವೇ ತನ್ನ ತಿಂಗಳು ಬದಲಿಸಿಕೊಳ್ಳಬೇಕಿತ್ತೇ?

ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಪುಸ್ತಕದ ಹೂವುಗಳನ್ನು ಬಲ್ಲವಳು. ಈ ಹೂವನ್ನು ಕಳೆದ ಶ್ರಾವಣದಲ್ಲಿ ನನಗೆ ತೋರಿಸಿದವರು ಕುರಿ ಕಾಯುವ ಬೀರಣ್ಣ ಕಾಕಾ. ಬೆರಳುದ್ದದ ಹಸಿರು ನಳಿಗೆ, ತುದಿಯಲ್ಲಿ ಎಸಳುಗಳು ಕೂಡಿಕೊಂಡು ಪುಟ್ಟ ಕಂದೀಲಿನಂತೆ ಕಾಣುತ್ತದೆ. ಅವರ ಮನೆತನದಲ್ಲೊಂದು ಕಟ್ಟಳೆಯಿದೆ. ಹೂವು ಕಂಡವರು ಬುಡದ ಸುತ್ತ ಐದು ಕಲ್ಲಿಡಬೇಕು, ಗಡ್ಡೆ ಗೊರಸಿಗೆ ಸಿಗಬಾರದು. ಜಾಗವನ್ನು ಹೊರಗಿನವರಿಗೆ ಹೇಳಲೇಬಾರದು, ಹೇಳಿದರೆ ಅಗೆಯುವವರು ಬರುತ್ತಾರೆ. ಫೋಟೋ ನೋಡಿದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಇದು ಸೆರೋಪೀಜಿಯಾ ಎಂಬ ಕುಲದ ಅಪರೂಪದ ಗಿಡ ಎಂದಾಗ ನನಗೆ ಎಲ್ಲಿಲ್ಲದ ಹುರುಪು ಬಂತು. ಸರಕಾರಕ್ಕೆ ಗೊತ್ತಾದರೆ ಕಾಯುತ್ತಾರೆ, ತೋರಿಸಿ ಎಂದು ಕಾಕಾಗೆ ದುಂಬಾಲು ಬಿದ್ದೆ. ನನ್ನ ಮಾತು ನಂಬಿ ಅವರು ಕಟ್ಟಳೆ ಮುರಿದರು. ತಮ್ಮ ಸಿಬ್ಬಂದಿಯನ್ನು ಕರೆದೊಯ್ದು, ಕಲ್ಲಿಟ್ಟ ಹನ್ನೊಂದೂ ಜಾಗ ತೋರಿಸಿ ಕುರಿಗಳ ಹಿಂದೆ ಹೋದರು. ಆ ದಿನ ನಾನು ಹತ್ತನೆಯ ತರಗತಿಯ ಪರೀಕ್ಷಾ ಕೊಠಡಿಯಲ್ಲಿ ಕೂತಿದ್ದೆ.

ತಮ್ಮವರು ಮುಂದೇನು ಮಾಡಿದರು ಗೊತ್ತೇ? ಯೋಜನೆಯ ಫಲಕ ನಿಲ್ಲಿಸಲು ಬುಡಕ್ಕೆ ಕಲ್ಲು ಬೇಕಿತ್ತು. ಗುಡ್ಡದ ತುಂಬ ಕಲ್ಲಿದೆ, ಆದರೆ ಆರಿಸಬೇಕಲ್ಲ! ಆರಿಸಿಟ್ಟ ಐವತ್ತೈದೂ ಕಲ್ಲನ್ನು ಹೊತ್ತು ತಂದು ಒಟ್ಟಿದರು. ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ‘ಸಸ್ಯಸಂಪತ್ತು ಉಳಿಸಿ’ ಎಂದಿದೆ. ಇನ್ನು ಮಳೆ ಬಿದ್ದು ಬಳ್ಳಿ ಚಿಗುರುವವರೆಗೆ ಗಡ್ಡೆಗಳು ಎಲ್ಲಿವೆಯೆಂದು ಬೀರಣ್ಣ ಕಾಕಾಗೂ ಖಾತ್ರಿಯಿಲ್ಲ.

ತಮ್ಮ ವರದಿಯನ್ನು ಅವರಿಗೆ ಓದಿ ಹೇಳಿದೆ. ಬೈಯಲಿಲ್ಲ. “ಹಂಗಾರ ನಾ ಸುಳ್ಳ ಹೇಳೀನಂತ ಬರದಂಗಾತಲ್ರಿ ಟೀಚರ” ಎಂದರು. ಅಂದಿನಿಂದ ನನ್ನ ಮನೆ ಮುಂದೆಯೇ ಕುರಿ ಹೊಡೆದುಕೊಂಡು ಹೋಗುತ್ತಾರೆ, ಮಾತಾಡಿಸುವುದಿಲ್ಲ. ನನಗೆ ನಾಚಿಕೆಯಾಗಿದೆ, ಸಿಟ್ಟೂ ಬಂದಿದೆ. ತಮಗೆ ಏನಾದರೂ ಆಗುತ್ತದೆಯೇ?

ಸೋಮವಾರದ ಕೆಲಸ ನಿಲ್ಲಿಸಿ. ಗಿಡ ನೆಡಲು ರಸ್ತೆಯ ಬದಿಗಳು ಬೋಳಾಗಿ ಬಿದ್ದಿವೆ, ಅಲ್ಲಿ ನೆಡಿ, ನಮ್ಮ ಮಕ್ಕಳೇ ನೀರು ಹಾಕುತ್ತಾರೆ. ಶ್ರಾವಣದಲ್ಲಿ ಜೀಪು ಕೆಳಗೆ ಬಿಟ್ಟು ತಾವೇ ಗುಡ್ಡ ಹತ್ತಿ ಬನ್ನಿ. ಹೂವು ಕಾಣದಿದ್ದರೆ ಸುಳ್ಳು ಹೇಳಿದವಳು ನಾನೆಂದು ಬರೆಯಿರಿ. ಕಂಡರೆ, ಬೀರಣ್ಣನವರು ಹೇಳಿದ್ದು ನಿಜವೆಂದು ಬರೆದು, ಮೊಹರು ಒತ್ತಿ, ಅವರ ಕೈಗೇ ಕೊಡಿ. ಅವರಿಗೆ ಓದಲು ಬಾರದು. ಓದಿ ಹೇಳೆಂದು ಅವರು ನನ್ನ ಮನೆಗೆ ಬಂದರೂ ಬಂದಾರು.

ಇಂತಿ,
ಕಾಯುವವರ ಕೈಯಿಂದ ಬಿಡಿಸಿ ತಮ್ಮ ಕೈಗೆ ಹೂವು ಒಪ್ಪಿಸಿದ ತಪ್ಪಿತಸ್ಥೆ,
ಸಂಘಮಿತ್ರಾ
ಮೋರಟಗಿ, ಸಿಂದಗಿ ತಾಲೂಕು