ಒಟ್ಟು ಏರು: ಸೊನ್ನೆ

ಸೈಕಲ್ ಮಾರ್ಗಗಳ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನೀವು ಒಂದು ಗುಡ್ಡವನ್ನು ಕಳೆದುಹಾಕಿದ್ದೀರಿ. ಬರುವ ಬುಧವಾರದೊಳಗೆ ದಯವಿಟ್ಟು ಅದನ್ನು ಇದ್ದ ಜಾಗದಲ್ಲೇ ವಾಪಸ್ ಇಡಬೇಕು. ಇಲ್ಲದಿದ್ದರೆ ನನ್ನ ಅತ್ತಿಗೆ ಹದಿನೇಳು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ ಅವರ ಕೈತಪ್ಪುತ್ತದೆ, ಗುಡ್ಡದ ಮೇಲಿನ ಒಂಬತ್ತು ಮನೆಗಳಿಗೆ ನರ್ಸ್ ಬರುವುದು ನಿಲ್ಲುತ್ತದೆ.

ನಾನು ಆ ಗುಡ್ಡದ ಬುಡದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು. ನಿಮ್ಮ ಇಲಾಖೆಯ ಬಣ್ಣದ ಕರಪತ್ರ ಎರಡು ವರ್ಷದಿಂದ ನನ್ನ ಅಂಗಡಿಯ ಗೋಡೆಯ ಮೇಲೆ, ಗಾಳಿ ಪಂಪಿನ ಪಕ್ಕದಲ್ಲೇ ಇದೆ. ಅದರಲ್ಲಿ ಹೀಗೆ ಬರೆದಿದೆ: "ಬೋಳುಗುಡ್ಡಗಳ ಮಡಿಲಲ್ಲಿ ಕುಟುಂಬ ಸಮೇತ ಆನಂದಿಸಬಹುದಾದ ಸುತ್ತುಮಾರ್ಗ. ಉದ್ದ ಮೂವತ್ತನಾಲ್ಕು ಕಿಲೋಮೀಟರ್. ಒಟ್ಟು ಏರು ಸೊನ್ನೆ. ಸಾಮಾನ್ಯ ಸವಾರರಿಗೆ ಎರಡು ಗಂಟೆ." ಜೊತೆಗೊಂದು ಚಿತ್ರ. ಗಂಡ, ಹೆಂಡತಿ, ಸೈಕಲ್ಲಿನ ಬುಟ್ಟಿಯಲ್ಲಿ ಹೂವು. ಇಬ್ಬರ ಮುಖದಲ್ಲೂ ಬೆವರಿಲ್ಲ, ಒಬ್ಬರ ಕೂದಲೂ ಕೆದರಿಲ್ಲ. ಆ ಗುಡ್ಡದ ನೆತ್ತಿಯಲ್ಲಿ ಗಾಳಿ ಬೀಸದ ದಿನವನ್ನು ನನ್ನ ಐವತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲವಾದ್ದರಿಂದ, ಆ ಚಿತ್ರವನ್ನು ನಿಮ್ಮ ಕಚೇರಿಯ ಒಳಗೇ ತೆಗೆದಿರಬೇಕೆಂದು ನನ್ನ ಅನುಮಾನ.

ನೀವು ಅತ್ತ ಸುಳಿದಿಲ್ಲವಾದ್ದರಿಂದ ರಸ್ತೆಯ ಪರಿಚಯ ಮಾಡಿಕೊಡುತ್ತೇನೆ. ನನ್ನ ಅಂಗಡಿ ದಾಟಿದರೆ ಮೂರು ಕಿಲೋಮೀಟರ್ ಕುರಿದೊಡ್ಡಿಗಳ ಕಲ್ಲುಗೋಡೆಗಳ ನಡುವೆ ಸಲೀಸಾಗಿ ಹೋಗಬಹುದು. ಕರಪತ್ರ ನಂಬಿ ಬಂದವರು ಇಲ್ಲಿಯವರೆಗೆ ಹಾಡು ಗುನುಗುತ್ತಾರೆ. ಆಮೇಲೆ ಬರುವ ಮೊದಲ ತಿರುವಿಗೆ ನಾವು ಇಟ್ಟಿರುವ ಹೆಸರು 'ಸಾಕಪ್ಪಾ'. ಎರಡನೆಯದು 'ಇನ್ನೂ ಇದೆಯಾ'. ಮೂರನೆಯದಕ್ಕೆ ಹೆಸರಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಯಾರಿಗೂ ಮಾತು ಹೊರಡುವುದಿಲ್ಲ. ಅಲ್ಲಿಂದ ಒಂಬತ್ತು ಕಿಲೋಮೀಟರ್ ಬರೀ ಏರು. ಮೇಲೆ ಮರವಿಲ್ಲ, ನೆರಳಿಲ್ಲ, ಕಣ್ಣು ಹಾಯಿಸಿದಷ್ಟೂ ಕುರುಚಲು ಗಿಡ, ಒರಟು ಹುಲ್ಲು, ಕಾಲಿಟ್ಟರೆ ಹೂತುಹೋಗುವ ಜೌಗು. ಮಂಜು ಇಳಿದರೆ ಮುಂದಿನ ಚಕ್ರವೇ ಕಾಣುವುದಿಲ್ಲ. ಇನ್ನು ಇಳಿಜಾರು ಹೇಗಿದೆ ಎಂದರೆ, ಬ್ರೇಕ್ ಹಿಡಿದೂ ಹಿಡಿದೂ ಕೈ ಮರಗಟ್ಟಿದವರು ನನ್ನ ಅಂಗಡಿಯಲ್ಲಿ ನೀರಿನ ಲೋಟ ಹಿಡಿಯಲಾರದೆ ಮೇಜಿನ ಮೇಲಿಟ್ಟು ಬಗ್ಗಿ ಕುಡಿಯುತ್ತಾರೆ. ಹೋದ ತಿಂಗಳು ಹೊಸದಾಗಿ ಮದುವೆಯಾದ ಇಬ್ಬರು ಎರಡು ಸೀಟಿನ ಜೋಡಿ ಸೈಕಲ್ಲಿನಲ್ಲಿ ಒಟ್ಟಿಗೆ ಹೊರಟರು. ಸಂಜೆ ಗಂಡ ಸೈಕಲ್ ತಳ್ಳಿಕೊಂಡು ರಸ್ತೆಯ ಈ ಬದಿಯಲ್ಲಿ, ಹೆಂಡತಿ ಬರಿಗೈಯಲ್ಲಿ ಆ ಬದಿಯಲ್ಲಿ ಬಂದರು. ಅವರ ಮೌನಕ್ಕೆ ನನ್ನಲ್ಲಿ ರಿಪೇರಿ ಇರಲಿಲ್ಲ.

ಇದನ್ನೆಲ್ಲ ನೋಡಿ ಎರಡು ವರ್ಷ ನಾನು ನಕ್ಕೆ, ಸ್ವಾಮಿ. ಏದುಸಿರು ಬಿಡುತ್ತ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ನಿಮ್ಮ ಕರಪತ್ರವನ್ನು ರಾಗವಾಗಿ ಓದಿ ಹೇಳುತ್ತಿದ್ದೆ. ಅಂಗಡಿಗೂ ಕೈತುಂಬ ಕೆಲಸ. ನಿಮ್ಮ ಸೊನ್ನೆಯಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದು ನನಗೇ ಎಂಬುದನ್ನು ಈ ಪತ್ರದಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ನಗು ನಿಂತಿದ್ದು ಹೋದ ವಾರ. ಅತ್ತಿಗೆ ಆರೋಗ್ಯ ಕೇಂದ್ರದ ನರ್ಸ್. ಪ್ರತಿ ಗುರುವಾರ ಹನ್ನೊಂದು ಕಿಲೋ ತೂಕದ ಔಷಧಿ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಇದೇ ಸುತ್ತು ಹೋಗುತ್ತಾರೆ. ಮೇಲಿನವು ಒಂಟಿ ಮನೆಗಳು, ಹೆಚ್ಚಿನವು ಕುರಿ ಸಾಕುವವರದ್ದು. ಒಂಬತ್ತೂ ಮನೆ ಮುಗಿಸಿ ಬರಲು ಆರು ಗಂಟೆ ಬೇಕು. ಅವರ ಕೇಂದ್ರಕ್ಕೆ ಹೊಸದಾಗಿ ಬಂದ ಮೇಲಧಿಕಾರಿಯ ಕೈಗೆ ಎಲ್ಲಿಂದಲೋ ನಿಮ್ಮ ಕರಪತ್ರ ಸಿಕ್ಕಿತು. ಅವರು ನಂಬಿದರು. ಸರ್ಕಾರದ ಒಂದು ಕಚೇರಿಯವರು ಇನ್ನೊಂದು ಕಚೇರಿ ಅಚ್ಚು ಹಾಕಿಸಿದ್ದನ್ನು ನಂಬುವುದು ಇಷ್ಟೊಂದು ಅಪಾಯಕಾರಿ ಎಂದು ನನಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಕಾರಣ ಕೇಳಿ ನೋಟಿಸ್ ಬಂತು. ಸಮತಟ್ಟಾದ ರಸ್ತೆಯಲ್ಲಿ ಸವಾರಿಗೆ ಎರಡು ಗಂಟೆ, ಮನೆಗೆ ಹತ್ತು ನಿಮಿಷದಂತೆ ಒಂಬತ್ತು ಮನೆಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ. ಉಳಿದ ಎರಡೂವರೆ ಗಂಟೆ ಎಲ್ಲಿ ಕಳೆಯುತ್ತೀರಿ? ಬುಧವಾರದೊಳಗೆ ದಾಖಲೆ ಸಹಿತ ಉತ್ತರ ಕೊಡದಿದ್ದರೆ ಸುತ್ತು ರದ್ದು, ಅತ್ತಿಗೆಗೆ ಔಷಧಿ ಉಗ್ರಾಣದಲ್ಲಿ ಡಬ್ಬಿ ಜೋಡಿಸುವ ಕೆಲಸ.

ನಾವು ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದೆವು. ಅತ್ತಿಗೆ ಹಾಗಲ್ಲ. ಹೋದ ಗುರುವಾರ ಗಡಿಯಾರ ನೋಡಿಕೊಂಡು ಹೊರಟು, ಸರಿಯಾಗಿ ಮೂರೂವರೆ ಗಂಟೆಗೆ ನನ್ನ ಅಂಗಡಿಯ ಮುಂದೆ ಇಳಿದರು. ಬ್ರೇಕ್ ರಬ್ಬರ್ ಪೂರ್ತಿ ಸವೆದು ಕಬ್ಬಿಣ ಚಕ್ರಕ್ಕೆ ತಾಗುತ್ತಿತ್ತು. ಮೊಣಕೈ ತರಚಿ ತೋಳಿನ ಬಟ್ಟೆ ಅಂಟಿಕೊಂಡಿತ್ತು. ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದೆ.

"ಮನೆಗಳಲ್ಲಿ ಕೂರಲೇ ಇಲ್ಲ. ಇಳಿಜಾರಲ್ಲಿ ನಿಲ್ಲಿಸ್ಲಿಲ್ಲ" ಎಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, "ಕುರಿಯಜ್ಜನ ಮನೆ ಬಿಟ್ಟೆ" ಎಂದರು.

ಕುರಿಯಜ್ಜ ಎಂದರೆ ನೆತ್ತಿಯ ಮೇಲಿನ ಕೊನೆಯ ಮನೆಯ ಮುದುಕರು. ಅವರ ಕಾಲಿನಲ್ಲಿ ಒಂದು ಹಳೆಯ ಹುಣ್ಣಿದೆ. ವಾರಕ್ಕೊಮ್ಮೆ ತೊಳೆದು ಪಟ್ಟಿ ಕಟ್ಟಬೇಕು, ಅದಕ್ಕೇ ಮುಕ್ಕಾಲು ಗಂಟೆ ಬೇಕು. ನೋಟಿಸಿನ ಲೆಕ್ಕದಲ್ಲಿ ಹತ್ತು ನಿಮಿಷದ ಮನೆ ಅದು.

"ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು ಕಣೋ. ನನಗೆ ಹೊತ್ತು ಉಳೀಲಿ ಅಂತ ಮೊದಲೇ ಪಟ್ಟಿ ಬಿಚ್ಚಿಟ್ಕೊಂಡಿದ್ರು. ನಾನು ರಸ್ತೆಯಿಂದಲೇ ಕೈ ಬೀಸಿ ಬಂದ್ಬಿಟ್ಟೆ. ಪಾಪ, ಅವರೂ ಕೈ ಬೀಸಿದ್ರು."

ಅಷ್ಟು ಹೇಳಿ ಅತ್ತಿಗೆ ನನ್ನ ಸ್ಟೂಲಿನ ಮೇಲೆ ಕೂತು ಅತ್ತರು. ನನ್ನ ಅಣ್ಣನ ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಮಾನ್ಯರೇ, ನಿಮ್ಮ ನಕ್ಷೆಯನ್ನು ನಿಜ ಮಾಡುವ ದಾರಿ ಇದೊಂದೇ. ಗುಡ್ಡ ತಗ್ಗುವುದಿಲ್ಲ, ಆದ್ದರಿಂದ ಮನುಷ್ಯರನ್ನು ಬಿಡಬೇಕು.

ಮಾರನೆಯ ದಿನವೇ ನಿಮ್ಮ ಕಚೇರಿಗೆ ಬಂದೆ. ಬೇಕಾಗಿದ್ದುದು ಒಂದೇ ಸಾಲಿನ ದಾಖಲೆ, ಈ ರಸ್ತೆಯಲ್ಲಿ ಏರು ಇದೆ ಎಂದು. ಲಿಫ್ಟಿನ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಬೋರ್ಡಿತ್ತು. ಮೂರನೇ ಮಹಡಿಗೆ ಅರವತ್ತಾರು ಮೆಟ್ಟಿಲು, ಎಣಿಸಿಕೊಂಡೇ ಹತ್ತಿದೆ. ನಕ್ಷೆ ವಿಭಾಗದ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ಆದರೆ ದಾಖಲೆ ಕೊಡಲು ಬರುವುದಿಲ್ಲವಂತೆ. ಹೊರಟ ಜಾಗ, ತಲುಪುವ ಜಾಗ ಎರಡೂ ಗುಡ್ಡದ ಬುಡವೇ ಆದ್ದರಿಂದ, ಹತ್ತಿದ್ದರಲ್ಲಿ ಇಳಿದದ್ದನ್ನು ಕಳೆದರೆ ಸೊನ್ನೆಯೇ ಬರುತ್ತದೆ, ಬೇಕಾದರೆ ನೀವೇ ಕಳೆದು ನೋಡಿ ಎಂದು ಕಾಗದ ಪೆನ್ನನ್ನೂ ಮುಂದಿಟ್ಟರು.

ಎಂಥ ಲೆಕ್ಕ! ಇದರ ಪ್ರಕಾರ ನಾನು ಅರವತ್ತಾರು ಮೆಟ್ಟಿಲು ಹತ್ತಿ ಅರವತ್ತಾರು ಇಳಿದು ಹೋದರೆ, ನಾನು ನಿಮ್ಮ ಕಚೇರಿಗೆ ಬಂದೇ ಇಲ್ಲ. ಬೆಳಿಗ್ಗೆ ಮನೆಯಿಂದ ಹೊರಟು ಸಂಜೆ ಅದೇ ಮನೆಗೆ ಮರಳುವ ನೀವೂ ಇಷ್ಟು ವರ್ಷ ಕೆಲಸಕ್ಕೆ ಹೋಗಿಲ್ಲ. ಈ ಎರಡನೆಯ ಮಾತನ್ನು ನಂಬುವುದಕ್ಕೆ ನನಗೇನೂ ಕಷ್ಟವಾಗಲಿಲ್ಲ ಬಿಡಿ. ಮೆಟ್ಟಿಲು ಇಲ್ಲವೆಂದಾದ ಮೇಲೆ ನಿಮಗೆ ಲಿಫ್ಟ್ ಯಾಕೆ? ಏರಿಲ್ಲದ ರಸ್ತೆಯೆಂದು ಘೋಷಿಸಿದ ನೀವು ಒಂದು ದಿನ ಹನ್ನೊಂದು ಕಿಲೋ ಕಟ್ಟಿಕೊಂಡು ಆ 'ಸಾಕಪ್ಪಾ' ತಿರುವಿನವರೆಗಾದರೂ ಬರಬಹುದಲ್ಲ?

ಈ ಪತ್ರವನ್ನು ಇಲ್ಲಿಗೇ ಮುಗಿಸಿದ್ದರೆ ನನಗೆ ಗೌರವವಿರುತ್ತಿತ್ತು. ಆದರೆ ನಾನು ಜಗಳ ತೆಗೆದಾಗ ಗುಮಾಸ್ತರು, ಇದೇನು ನಾವು ಕೂತಲ್ಲೇ ಬರೆದದ್ದಲ್ಲ, ಸ್ಥಳ ಪರಿಶೀಲನೆಯಾಗಿದೆ ಎಂದು ಕಡತ ತೆಗೆದು ನನ್ನ ಕಡೆ ತಿರುಗಿಸಿದರು. ಎರಡನೇ ಪುಟದಲ್ಲಿ ನೀಲಿ ಶಾಯಿಯಲ್ಲಿತ್ತು: "ಮಂಜಿನ ಕಾರಣ ಮೇಲೆ ಹೋಗಲಾಗಲಿಲ್ಲ. ಸ್ಥಳೀಯ ತಜ್ಞರನ್ನು ವಿಚಾರಿಸಲಾಗಿ, ಏರು ಮತ್ತು ಇಳಿತ ಸಮವೆಂದು ತಿಳಿದುಬಂದಿದೆ." ಆ ತಜ್ಞ ಮಹಾಶಯ ಯಾರು ಎಂದು ಕೇಳಿದೆ, ದನಿ ಏರಿಸಿಯೇ ಕೇಳಿದೆ.

"ಅಲ್ಲೇ ಬುಡದಲ್ಲಿ ಸೈಕಲ್ ಅಂಗಡಿ ಇಟ್ಕೊಂಡಿದ್ದಾರಂತಲ್ಲ, ಅವರು" ಎಂದರು ಗುಮಾಸ್ತರು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಮಂಜಿನ ಬೆಳಿಗ್ಗೆ ನಿಮ್ಮವರಿಬ್ಬರು ಜೀಪಿನಲ್ಲಿ ಬಂದು, ಅಳತೆಯ ಸಾಮಾನನ್ನು ಚೀಲದಿಂದ ಹೊರಗೂ ತೆಗೆಯದೆ, ನನ್ನ ಅಂಗಡಿಯಲ್ಲಿ ಕೂತು ಏರು ಜಾಸ್ತಿಯೇ ಎಂದು ಕೇಳಿದ್ದರು. ಚೈನು ಬಿಗಿಯುತ್ತಿದ್ದ ನಾನು ತಲೆ ಎತ್ತದೆ, "ಎಷ್ಟು ಹತ್ತಿದ್ರೂ ಅಷ್ಟೇ ಇಳೀಬೇಕಲ್ಲ ಸ್ವಾಮಿ, ಕೊನೆಗೆ ಲೆಕ್ಕ ಸಮ" ಎಂದಿದ್ದೆ. ಇಬ್ಬರೂ ನಕ್ಕರು. ಒಬ್ಬರು ನಗುತ್ತಲೇ ಏನನ್ನೋ ಬರೆದುಕೊಂಡರು. ಆ ಜೋಕನ್ನು ನಾನು ಒಂದು ವಾರ ಬಂದಬಂದವರಿಗೆಲ್ಲ ಹೇಳಿದ್ದೆ. ಆ ತಜ್ಞ ನಾನೇ ಎಂದು ಹೇಳದೆ ನಿಮ್ಮ ಕಚೇರಿಯಿಂದ ಎದ್ದು ಬಂದೆ. ಸೊನ್ನೆ ಮೆಟ್ಟಿಲು ಇಳಿಯುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಅತ್ತಿಗೆಗೆ ಹೇಳಿದೆ. ಅವರು ಮೊಣಕೈಗೆ ತಾವೇ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಮುಲಾಮಿನ ಮುಚ್ಚಳ ಹಾಕಿ, "ನನ್ನ ಸೈಕಲ್ಲಿಗಿಂತ ಮೊದಲು ನಿನ್ನ ಬಾಯಿಗೆ ಬ್ರೇಕ್ ಹಾಕಿಸ್ಬೇಕಿತ್ತು" ಎಂದರು. ಆಮೇಲೆ, "ಹೇಳಿದ್ದು ನೀನೇ ತಾನೇ? ತಪ್ಪು ಅಂತಾನೂ ನೀನೇ ಹೇಳು. ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳು" ಎಂದರು. ಅದಕ್ಕೇ ಇದು ಬಹಿರಂಗ ಪತ್ರ.

ನನ್ನ ಬೇಡಿಕೆ ದೊಡ್ಡದಲ್ಲ. ನೀವು ಗುಡ್ಡ ಹತ್ತಬೇಡಿ, ಮಂಜು ಇರಬಹುದು. ತಜ್ಞನ ಒಂದು ಮಾತನ್ನು ತಪಾಸಣೆಯಿಲ್ಲದೆ ಬರೆದುಕೊಂಡ ಕಚೇರಿ, ಅದೇ ತಜ್ಞನ ಇನ್ನೊಂದು ಮಾತನ್ನೂ ಬರೆದುಕೊಳ್ಳಲಿ. ಎರಡನೇ ಪುಟದಲ್ಲಿ, ಅದೇ ನೀಲಿ ಶಾಯಿಯಲ್ಲಿ: ಏರು ಇದೆ. ಒಂಬತ್ತು ಕಿಲೋಮೀಟರ್ ಇದೆ. ಪೆಟ್ಟಿಗೆ ಹೊತ್ತ ನರ್ಸ್ ಒಬ್ಬರಿಗೆ, ಎಲ್ಲ ಮನೆಗಳೂ ಸೇರಿ, ಆರು ಗಂಟೆ ಬೇಕು. ಅದರ ನಕಲನ್ನು ಬುಧವಾರ ಸಂಜೆಯೊಳಗೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ. ಗುರುವಾರ ಬೆಳಿಗ್ಗೆ ಕುರಿಯಜ್ಜ ಮತ್ತೆ ಪಟ್ಟಿ ಬಿಚ್ಚಿಕೊಂಡು ಬಾಗಿಲಲ್ಲಿ ಕೂರುತ್ತಾರೆ.

ಇಂತಿ,
ನಿಮ್ಮ ಕಡತದ ಸ್ಥಳೀಯ ತಜ್ಞ
(ಕಸುಬು: ಪಂಕ್ಚರ್ ಹಾಕುವುದು)

ಲಗತ್ತು: ಸವೆದ ಬ್ರೇಕ್ ರಬ್ಬರ್, ಒಂದು ಜೊತೆ. ಸಮತಟ್ಟಾದ ರಸ್ತೆಯಲ್ಲಿ ಬಳಸಿದ್ದು.